ಒಂದು ಅಂಗುಲ ಸಾಲದ ಬಾಗಿಲು

ಸಂಪಾದಕರಿಗೆ ನಮಸ್ಕಾರ.

ನನ್ನ ತಂಗಿಯ ಮನೆಯ ಬಾತ್‌ರೂಮ್ ಬಾಗಿಲು 24 ಅಂಗುಲ ಅಗಲ ಇತ್ತು. ಅವಳ ಮಗನ ವೀಲ್‌ಚೇರ್ 25 ಅಂಗುಲ. ಈ ಒಂದು ಅಂಗುಲದ ಬಗ್ಗೆ ನಿಮಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಿಮ್ಮ ಪತ್ರಿಕೆಯಲ್ಲಿ ಕಾಯಿಲೆಯ ಮಕ್ಕಳಿಗೆ ನೆರವು ಕೋರುವ ಮನವಿಗಳು ಬರುತ್ತವೆ. ನಾನು ಒಂದನ್ನೂ ಬಿಡದೆ ಓದುತ್ತೇನೆ. ಆಪರೇಷನ್‌ಗೆ, ಔಷಧಿಗೆ, ಆಸ್ಪತ್ರೆಯ ಬಿಲ್ಲಿಗೆ. ಎಲ್ಲವೂ ನಿಜವಾದ ಕಷ್ಟಗಳೇ. ಆದರೆ ಬಾಗಿಲು ಅಗಲ ಮಾಡಿಸಬೇಕು, ಮೆಟ್ಟಿಲಿಗೆ ರಾಂಪ್ ಕಟ್ಟಿಸಬೇಕು, ದಯವಿಟ್ಟು ಸಹಾಯ ಮಾಡಿ ಎಂಬ ಮನವಿಯನ್ನು ನಾನು ಈವರೆಗೆ ನೋಡಿಲ್ಲ. ಅಂಥ ಮನೆಗಳು ಇಲ್ಲ ಅಂತಲ್ಲ. ಕೇಳುವುದಕ್ಕೆ ಜನ ಹಿಂಜರಿಯುತ್ತಾರೆ. ನಾವೂ ಹಿಂಜರಿದೆವು. ಆ ಹಿಂಜರಿಕೆಯಿಂದ ಹುಡುಗನಿಗೆ ಏನಾಯಿತು ಎಂದು ಹೇಳಲು ಈ ಪತ್ರ.

ನಾನು ಹುಡುಗನ ದೊಡ್ಡಮ್ಮ. ಅವನ ಹೆಸರು ಬರೆಯುವುದಿಲ್ಲ. ಅದು ಅವನದೇ ಷರತ್ತು, ಕಾರಣ ಮುಂದೆ ಹೇಳುತ್ತೇನೆ.

ಅವನಿಗೆ ಐದು ವರ್ಷ ಆಗಿದ್ದಾಗ ಕಾಯಿಲೆ ಗೊತ್ತಾಯಿತು. ಅಲ್ಲಿಯವರೆಗೆ ಸ್ವಲ್ಪ ನಿಧಾನದ ಹುಡುಗ ಅಂದುಕೊಂಡಿದ್ದೆವು. ಓಡುವಾಗ ಬೀಳುತ್ತಿದ್ದ. ಮೆಟ್ಟಿಲು ಹತ್ತಲು ಕಂಬಿ ಹಿಡಿಯುತ್ತಿದ್ದ. ಮೀನಖಂಡ ಮಾತ್ರ ದಪ್ಪಗಿತ್ತು. ಗಟ್ಟಿ ಕಾಲು ಅಂತ ನಾವೇ ಖುಷಿಪಟ್ಟಿದ್ದೆವು. ಡಾಕ್ಟರ್ ಅವನನ್ನು ನೆಲದ ಮೇಲೆ ಕೂರಿಸಿ, ಏಳು ಪುಟ್ಟ ಅಂದರು. ಅವನು ಮೊದಲು ಕೈ ಊರಿದ. ಆಮೇಲೆ ಮೊಣಕಾಲು ಹಿಡಿದ, ತೊಡೆ ಹಿಡಿದ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ ಎದ್ದು ನಿಂತ. ಡಾಕ್ಟರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಲಂಡನ್ನಿನ ಗೋವರ್ಸ್ ಎಂಬ ವೈದ್ಯರು 1879ರಲ್ಲೇ ಈ ಏಳುವ ರೀತಿಯನ್ನು ಬರೆದಿಟ್ಟಿದ್ದಾರೆ ಅಂತ ಆಮೇಲೆ ತಿಳಿಯಿತು. ರಕ್ತ ಪರೀಕ್ಷೆ, ಜೀನ್ ಪರೀಕ್ಷೆ ಎರಡೂ ಅದನ್ನೇ ಹೇಳಿದವು. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ.

ಇದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೊಟೀನ್ ಇವರ ಮೈಯಲ್ಲಿ ತಯಾರಾಗುವುದಿಲ್ಲ. ಅದು ಇಲ್ಲದೆ ಸ್ನಾಯು ಸವೆಯುತ್ತದೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಮೊದಲು ಕಾಲು, ಆಮೇಲೆ ಕೈ, ವರ್ಷಗಳು ಕಳೆದ ಮೇಲೆ ಉಸಿರಾಟ ಮತ್ತು ಹೃದಯ. ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ನಡೆಯುವ ಕಾಲ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಆದರೆ ಅದೇ ಮಾತ್ರೆಯಿಂದ ತೂಕ ಹೆಚ್ಚುತ್ತದೆ, ಮೂಳೆ ತೆಳುವಾಗುತ್ತದೆ.

ಈ ಕಾಯಿಲೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೊದಲೇ ಗೊತ್ತಿದೆ. ಹತ್ತರಿಂದ ಹನ್ನೆರಡು, ಹದಿಮೂರು ವರ್ಷದೊಳಗೆ ಹೆಚ್ಚಿನ ಮಕ್ಕಳ ನಡಿಗೆ ನಿಲ್ಲುತ್ತದೆ. ಡಾಕ್ಟರ್ ಅವತ್ತೇ ಹೇಳಿದ್ದರು. ಅಂದರೆ ವೀಲ್‌ಚೇರ್ ಬರುತ್ತದೆ ಅಂತ ನಮಗೆ ಆರು ವರ್ಷ ಮೊದಲೇ ಗೊತ್ತಿತ್ತು. ಆರು ವರ್ಷ! ಆ ಆರು ವರ್ಷದಲ್ಲಿ ನಾವು ಇನ್ನೊಬ್ಬ ಡಾಕ್ಟರ್, ಮತ್ತೊಬ್ಬ ಡಾಕ್ಟರ್ ಅಂತ ಓಡಾಡಿದೆವು. ಇದ್ದ ದುಡ್ಡೆಲ್ಲ ಅದಕ್ಕೇ ಹೋಯಿತು. ತಪ್ಪು ಅನ್ನುವುದಿಲ್ಲ. ಯಾವ ತಾಯಿ ಸುಮ್ನೆ ಕೂರುತ್ತಾಳೆ? ಆದರೆ ಅಷ್ಟು ದಿನಗಳಲ್ಲಿ ಒಬ್ಬರೂ ಒಂದು ಟೇಪು ಹಿಡಿದು ಮನೆಯ ಬಾಗಿಲನ್ನು ಅಳೆಯಲಿಲ್ಲ. ನಾನೂ ಅಳೆಯಲಿಲ್ಲ. ನಾನು ಇಡೀ ಜೀವನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳು. ಅಳತೆ, ಲೆಕ್ಕ ನನ್ನ ಕೆಲಸವೇ ಆಗಿತ್ತು.

ಹನ್ನೊಂದನೇ ವರ್ಷಕ್ಕೆ ಅವನ ನಡಿಗೆ ನಿಂತಿತು. ವೀಲ್‌ಚೇರ್ ಬಂತು. ಅವನಿಗೆ ಅದರಿಂದ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಬೀಳುವ ಹೆದರಿಕೆ ಹೋಯಿತಲ್ಲ. ಶಾಲೆಯಲ್ಲಿ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಹೋಗಿಬಂದೆ ಅಂತ ಅವತ್ತು ಸಂಜೆ ನನಗೆ ಫೋನ್ ಮಾಡಿ ಹೇಳಿದ. ಕಷ್ಟ ಶುರುವಾಗಿದ್ದು ಮನೆಯಲ್ಲಿ. ಹೊರಗೆ ಮೂರು ಮೆಟ್ಟಿಲು. ಒಳಗೆ ತೆರೆದ ಬಾಗಿಲು ಕುರ್ಚಿಗೆ ತಾಗುತ್ತಿತ್ತು. ಬಾತ್‌ರೂಮಿಗಂತೂ ಕುರ್ಚಿ ಹೋಗುತ್ತಲೇ ಇರಲಿಲ್ಲ. ಎಲ್ಲದಕ್ಕೂ ಎತ್ತಬೇಕು.

ಒಂದು ಭಾನುವಾರ ನಾನು ಎಣಿಸಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವನ ಅಪ್ಪ ಅವನನ್ನು 14 ಸಲ ಎತ್ತಿದ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಟಾಯ್ಲೆಟ್ಟಿಗೆ, ಅಲ್ಲಿಂದ ಮತ್ತೆ ಕುರ್ಚಿಗೆ. ಹುಡುಗನ ತೂಕ ಆಗ 42 ಕಿಲೋ. ಅವನ ಭುಜದಲ್ಲಿ ಶಕ್ತಿ ಇಲ್ಲ. ಅದಕ್ಕೇ ಕಂಕುಳಲ್ಲಿ ಕೈ ಹಾಕಿ ಎತ್ತಿದರೆ ಜಾರಿಬಿಡುತ್ತಾನೆ. ಹುಷಾರಾಗಿ, ಬಗ್ಗಿ, ಪೂರ್ತಿ ಮೈಯನ್ನು ಅಪ್ಪಿಕೊಂಡೇ ಎತ್ತಬೇಕು. ನಾಲ್ಕು ತಿಂಗಳಲ್ಲಿ ತಂಗಿಯ ಗಂಡನ ಬೆನ್ನು ಹೋಯಿತು. ಡಿಸ್ಕ್ ಜಾರಿ ಮೂರು ವಾರ ಮಲಗಿದ. ಆಗ ನಾನೂ ತಂಗಿಯೂ ಸೇರಿ ಎತ್ತಲು ಶುರುಮಾಡಿದೆವು.

ಒಂದು ದಿನ ಬಾತ್‌ರೂಮಿನಲ್ಲಿ ನನ್ನ ಕಾಲು ಜಾರಿತು. ಮೂವರೂ ಬಿದ್ದೆವು. ನಮಗಿಬ್ಬರಿಗೆ ಏನೂ ಆಗಲಿಲ್ಲ. ಅವನ ತೊಡೆಯ ಮೂಳೆ ಮುರಿಯಿತು. ಅಷ್ಟು ಚಿಕ್ಕ ಬೀಳುವಿಕೆಗೆ ಮೂಳೆ ಮುರಿಯಬಾರದಿತ್ತು. ಮಾತ್ರೆಯಿಂದ ತೆಳುವಾಗಿತ್ತಲ್ಲ, ಮುರಿಯಿತು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನು ನನ್ನ ಕೈ ಹಿಡಿದು, ದೊಡ್ಡಮ್ಮ ನಿಮಗೆ ಪೆಟ್ಟಾಯಿತಾ ಅಂತ ಕೇಳುತ್ತಿದ್ದ.

ಆಸ್ಪತ್ರೆಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಅದು ಮೂಳೆ ಮುರಿದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ನರ್ಸ್ ಒಬ್ಬರು, ಈ ಹುಡುಗ ನೀರು ಯಾಕೆ ಕುಡಿಯುವುದಿಲ್ಲ ಅಂತ ಕೇಳಿದರು. ಮೂತ್ರದ ಸೋಂಕು ಇತ್ತು, ಮಲಬದ್ಧತೆಯೂ ಇತ್ತು. ತಂಗಿಗೆ ಏನೂ ಹೊಳೆಯಲಿಲ್ಲ. ಹುಡುಗನೇ ಬಾಯಿಬಿಟ್ಟ. ಅಪ್ಪನಿಗೆ ಬೆನ್ನು ನೋವು ಬಂದಾಗಿನಿಂದ ಸಂಜೆ ನಾಲ್ಕು ಗಂಟೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದನಂತೆ. ಶಾಲೆಗೆ ಹೋಗುವ ಮೊದಲೂ ಕುಡಿಯುತ್ತಿರಲಿಲ್ಲವಂತೆ. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು, ಹೋದರೆ ಯಾರಾದರೂ ಎತ್ತಬೇಕು. ಅವನು ಯಾರಿಗೂ ಹೇಳದೆ ಲೆಕ್ಕ ಹಾಕಿಕೊಂಡಿದ್ದ. ಹನ್ನೊಂದು ವರ್ಷದ ಹುಡುಗ.

ಸಂಪಾದಕರೇ, ಬಾತ್‌ರೂಮ್ ಬಾಗಿಲು ಚಿಕಿತ್ಸೆಯಲ್ಲ ಅಂತ ಯಾರಾದರೂ ಅಂದರೆ ನನಗೆ ಆ ನಾಲ್ಕು ಗಂಟೆ ನೆನಪಾಗುತ್ತದೆ.

ಅದಾದ ಮೇಲೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಬಂದರು. ಇಂಥವರು ಇದ್ದಾರೆ ಅಂತಲೇ ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮಗು ಎಲ್ಲೆಲ್ಲಿ ಏನು ಮಾಡಬೇಕು, ಏನು ಅಡ್ಡ ಬರುತ್ತದೆ ಎಂದು ನೋಡಿ ಹೇಳುವುದೇ ಇವರ ಕೆಲಸ. ಕೈಯಲ್ಲಿ ಟೇಪು ಮತ್ತು ಸೀಮೆಸುಣ್ಣ. ನೆಲದ ಮೇಲೆ ಐದು ಅಡಿ ಅಗಲದ ಒಂದು ವೃತ್ತ ಬರೆದು, ಕುರ್ಚಿ ಪೂರ್ತಿ ತಿರುಗಲು ಇಷ್ಟು ಜಾಗ ಬೇಕು ಅಂದರು. ಬಾಗಿಲು ಕನಿಷ್ಠ 32 ಅಂಗುಲ ತೆರೆದುಕೊಳ್ಳಬೇಕು, 34 ಆದರೆ ಒಳ್ಳೆಯದು. ಬಾತ್‌ರೂಮಿನ ಹೊಸ್ತಿಲು ತೆಗೆಯಬೇಕು. ಹೊಸ್ತಿಲು ಹೋದರೆ ನೀರು ರೂಮಿಗೆ ಬರುತ್ತದಲ್ಲ, ಅದಕ್ಕೆ ನೆಲವನ್ನೇ ಒಡೆದು ಇಳಿಜಾರನ್ನು ದೂರದ ಮೂಲೆಗೆ ತಿರುಗಿಸಬೇಕು. ಗೋಡೆ ಒಡೆದರೆ ಬಾಗಿಲ ಮೇಲಿನ ಲಿಂಟಲ್ಲೂ ಚಿಕ್ಕದಾಗುತ್ತದೆ, ಅದನ್ನೂ ಬದಲಿಸಬೇಕು. ಒಂದು ಅಂಗುಲಕ್ಕೆ ಇಷ್ಟು ಕೆಲಸ.

ಹಾಗಂತ ಎಲ್ಲವೂ ದುಬಾರಿ ಅಲ್ಲ. ಮಲಗುವ ರೂಮಿನ ಬಾಗಿಲಿಗೆ ಆಫ್‌ಸೆಟ್ ಹಿಂಜ್ ಹಾಕಿಸಿದೆವು. ಈ ಹಿಂಜ್ ಇದ್ದರೆ ಬಾಗಿಲು ಪೂರ್ತಿ ಪಕ್ಕಕ್ಕೆ ಸರಿಯುತ್ತದೆ, ಬಾಗಿಲ ದಪ್ಪದಷ್ಟು ಜಾಗ ಉಳಿಯುತ್ತದೆ. ಒಂದು ಗಂಟೆಯ ಕೆಲಸ. ಬಾತ್‌ರೂಮಿಗೆ ಬಾಗಿಲು, ಚೌಕಟ್ಟು ಎರಡೂ ಕಿತ್ತು ಪರದೆ ಹಾಕಿಬಿಡಿ ಅಂತ ಯಾರೋ ಅಂದರು. ಹುಡುಗ ಒಪ್ಪಲಿಲ್ಲ. ನನಗೆ ಬಾಗಿಲು ಬೇಕು ಅಂದ. ಸರಿಯಾಗೇ ಅಂದ. ಬೆಳೆಯುವ ಹುಡುಗನಿಗೆ ಸ್ನಾನ ಮಾಡುವಾಗ ಬಾಗಿಲು ಬೇಡವೇ?

ರಾಂಪಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ. ನಮ್ಮ ಮೂರು ಮೆಟ್ಟಿಲು ಸೇರಿ 18 ಅಂಗುಲ, ಹಾಗಾಗಿ ರಾಂಪ್ 18 ಅಡಿ ಬೇಕು. ಮುಂದೆ ಅಷ್ಟು ಜಾಗ ಇರಲಿಲ್ಲ. ಒಂಬತ್ತು ಅಡಿ ಹೋಗಿ, ನಡುವೆ ಐದು ಅಡಿ ಸಪಾಟು ಜಾಗ ಬಿಟ್ಟು, ತಿರುಗಿ ಮತ್ತೆ ಒಂಬತ್ತು ಅಡಿ. ಮೇಸ್ತ್ರಿ ಒಪ್ಪಲಿಲ್ಲ. ಎಂಟು ಅಡಿ ಸಾಕಮ್ಮ, ಯಾಕೆ ಸುಮ್ನೆ ಖರ್ಚು ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಥೆರಪಿಸ್ಟ್ ವಾದ ಮಾಡಲಿಲ್ಲ. ಎಂಟು ಅಡಿಯ ಗಟ್ಟಿ ಹಲಗೆಯನ್ನು ಮೆಟ್ಟಿಲಿಗೆ ಒರಗಿಸಿ, ಮೇಸ್ತ್ರಿಯನ್ನೇ ಕುರ್ಚಿಯಲ್ಲಿ ಕೂರಿಸಿದರು. ಇಬ್ಬರು ತಳ್ಳಿದರು. ಅರ್ಧ ಹತ್ತುವಷ್ಟರಲ್ಲಿ ಕುರ್ಚಿಯ ಮುಂದಿನ ಗಾಲಿ ಮೇಲೆದ್ದಿತು. ಅವರು ಎರಡೂ ಕೈಯಲ್ಲಿ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಳಿದ ಮೇಲೆ ಟೇಪು ಕೇಳಿದರು. ಆಮೇಲೆ ರಾಂಪಿನ ಎರಡೂ ಅಂಚಿಗೆ ಗಾಲಿ ಜಾರದ ಹಾಗೆ ನಾಲ್ಕು ಅಂಗುಲದ ಕಟ್ಟೆ ಹಾಕಬೇಕು ಅಂತ ಅವರೇ ಹೇಳಿದರು.

ಎಲ್ಲಕ್ಕೂ ಅಂದಾಜು ಹಾಕಿದೆವು. ತಂಗಿಯ ಮನೆಯ ಸುಮಾರು ಎರಡು ವರ್ಷದ ಉಳಿತಾಯ ಬೇಕು. ಉಳಿತಾಯ ಎನ್ನುವುದೇ ಆಗ ಇರಲಿಲ್ಲ. ಕೇಳಲೇಬೇಕಾಯಿತು.

ಮೊದಲ ಮನವಿ ನಾನೇ ಬರೆದೆ. ಕಾಯಿಲೆಯ ಹೆಸರು, ಮಗುವಿನ ವಯಸ್ಸು, ಮನೆ ಸರಿಮಾಡಿಸಲು ನೆರವು ಬೇಕು ಎಂದು ನಾಲ್ಕು ಸಾಲು. ಜೊತೆಗೆ ಆಸ್ಪತ್ರೆಯ ಮಂಚದ ಮೇಲೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಅಳುತ್ತಿದ್ದ ಹುಡುಗನ ಫೋಟೋ. ಪರಿಚಯದವರಿಗೆಲ್ಲ ಕಳಿಸಿದೆ. ಒಬ್ಬ ಹಿರಿಯ ನೆಂಟರು ಫೋನ್ ಮಾಡಿ, ಆಪರೇಷನ್ ಅಂದರೆ ಕೊಡಬಹುದು, ಮನೆ ರಿಪೇರಿಗೆ ದುಡ್ಡು ಕೇಳುತ್ತಿದ್ದೀಯಾ ಅಂದರು. ಒಂದು ದತ್ತಿ ಸಂಸ್ಥೆಯವರು ಆಸ್ಪತ್ರೆಯ ಬಿಲ್ ಇದ್ದರೆ ಮಾತ್ರ ನಮ್ಮ ನಿಯಮದಲ್ಲಿ ಅವಕಾಶ ಅಂದರು. ವಿಚಿತ್ರ ನೋಡಿ. ಮೂಳೆ ಮುರಿದ ಮೇಲಿನ ಬಿಲ್ಲಿಗೆ ಅವರು ದುಡ್ಡು ಕೊಡುತ್ತಿದ್ದರು. ಮೂಳೆ ಮುರಿಯದ ಹಾಗೆ ನೆಲ ಮಾಡಿಸಲು ಕೊಡುವ ಹಾಗಿಲ್ಲ.

ಆ ನೆಂಟರ ಮಾತಿನಿಂದ ತುಂಬಾ ನೊಂದುಕೊಂಡೆ. ಆದರೆ ರಾತ್ರಿ ಯೋಚಿಸಿದಾಗ ಅವರ ಪ್ರಶ್ನೆ ನ್ಯಾಯವಾಗಿದೆ ಅನ್ನಿಸಿತು. ಮನೆ ಸರಿಮಾಡಿಸಲು ಅಂದರೆ ಏನು? ಬಣ್ಣ ಬಳಿಸುವುದೂ ಮನೆ ಸರಿಮಾಡಿಸುವುದೇ. ಯಾವ ಕೆಲಸ, ಯಾಕೆ, ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಹೇಳಿರಲೇ ಇಲ್ಲ.

ಫೋಟೋದ ವಿಷಯ ಹುಡುಗನಿಗೆ ಒಂದು ವಾರದ ಮೇಲೆ ತಿಳಿಯಿತು. ಅವನ ಗೆಳೆಯನ ಮನೆಗೂ ಆ ಫೋಟೋ ತಲುಪಿತ್ತು. ನನ್ನ ಹತ್ತಿರ ಬಂದು, ದೊಡ್ಡಮ್ಮ, ನಾನು ಅಳುವಾಗಲೇ ಯಾಕೆ ಹಾಕಿದಿರಿ, ನಾನು ದಿನಾ ಅಳಲ್ಲ ಅಲ್ವಾ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸು ಕಂದ ಅಂದೆ. ಅವತ್ತೇ ಅವನ ಎದುರಿಗೇ ಎಲ್ಲ ಕಡೆ ಅಳಿಸಲು ಹೇಳಿ ಸಂದೇಶ ಕಳಿಸಿದೆ. ಕೆಲವು ಕಡೆ ಅಳಿಸಲು ಆಗಲೇ ಇಲ್ಲ. ಒಂದು ಸಲ ಹೋದ ಫೋಟೋ ವಾಪಸ್ ಬರುವುದಿಲ್ಲ. ಇನ್ನು ಮುಂದೆ ನನ್ನ ಹೆಸರು, ಮುಖ ಬೇಡ ಅಂತ ಅವನು ಷರತ್ತು ಹಾಕಿದ್ದು ಆಗಲೇ. ಈ ಪತ್ರವನ್ನೂ ಅವನಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ. ನೀರಿನ ವಿಷಯ ಬರೆಯಲಾ ಬೇಡವಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಬರೆಯಿರಿ, ಬೇರೆ ಹುಡುಗರೂ ಹಾಗೆ ಮಾಡುತ್ತಿರಬಹುದು ಅಂದ.

ಎರಡನೇ ಮನವಿಯ ಫೋಟೋ ಅವನೇ ತೆಗೆದ. ಬಾತ್‌ರೂಮ್ ಬಾಗಿಲಿಗೆ ಅಡ್ಡವಾಗಿ ಹಿಡಿದ ಟೇಪು. ಅದರಲ್ಲಿ 24 ಎಂಬ ಅಂಕಿ ಕಾಣುತ್ತದೆ. ಪಕ್ಕದಲ್ಲಿ ಕುರ್ಚಿಯ ಮೇಲಿನ ಟೇಪು, ಅದರಲ್ಲಿ 25. ಕೆಳಗೆ ನಾನು ಒಂದೊಂದು ಕೆಲಸವನ್ನೂ ಬೇರೆ ಬೇರೆ ಬರೆದೆ. ಪ್ರತಿಯೊಂದಕ್ಕೂ ಮೂರು ಕಡೆಯ ಕೊಟೇಶನ್, ಥೆರಪಿಸ್ಟ್ ಕೊಟ್ಟ ವರದಿ, ಡಾಕ್ಟರ ಪತ್ರ. ರಾಂಪನ್ನು 18 ಭಾಗ ಮಾಡಿ, ಒಂದು ಅಡಿಗೆ ಇಷ್ಟು ಅಂತ ಹಾಕಿದೆ. ದೊಡ್ಡ ಮೊತ್ತ ಕೊಡಲು ಆಗದವರು ಒಂದು ಅಡಿ ಕೊಟ್ಟರು. ಅರ್ಧ ಅಡಿ ಕೊಟ್ಟವರೂ ಇದ್ದಾರೆ. ಏಳನೇ ಅಡಿ ಅವನ ತರಗತಿಯ ಮಕ್ಕಳದ್ದು. ಯಾವ ಅಡಿ ಯಾರದ್ದು ಅಂತ ನನ್ನ ಪುಸ್ತಕದಲ್ಲಿ ಇದೆ. ಆ ಹಿರಿಯ ನೆಂಟರು ಲಿಂಟಲ್ ನನ್ನದಿರಲಿ ಅಂದರು.

ದುಡ್ಡಿನ ವಿಷಯದಲ್ಲಿ ನಾವು ಮಾಡಿದ್ದನ್ನು ಬೇರೆಯವರಿಗೆ ಉಪಯೋಗವಾಗಲಿ ಅಂತ ಹೇಳುತ್ತೇನೆ. ಬೇರೆಯೇ ಒಂದು ಬ್ಯಾಂಕ್ ಖಾತೆ ತೆರೆದೆವು. ದುಡ್ಡು ತೆಗೆಯಲು ಎರಡು ಸಹಿ ಬೇಕು, ನನ್ನದು ಮತ್ತು ಅವನ ಶಾಲೆಯ ಒಬ್ಬ ಮೇಷ್ಟರದ್ದು. ಅಪ್ಪ, ಅಮ್ಮನ ಸಹಿ ಇಲ್ಲ. ಇದರಿಂದ ಅವರಿಗೆ ಬೇಜಾರಾಗುತ್ತದೇನೋ ಅಂದುಕೊಂಡಿದ್ದೆ. ತಂಗಿ, ನನ್ನ ತಲೆಯಿಂದ ಒಂದು ಭಾರ ಇಳಿಯಿತಕ್ಕ ಅಂದಳು. ಪ್ರತಿ ಭಾನುವಾರ ಬಂದದ್ದು, ಹೋದದ್ದು ಬರೆದು ಕೊಟ್ಟವರಿಗೆಲ್ಲ ಕಳಿಸಿದೆ. ಏನೂ ಬರದ ವಾರವೂ ಕಳಿಸಿದೆ. ಆನ್‌ಲೈನಿನಲ್ಲಿ ದುಡ್ಡು ಎತ್ತುವವರು ಆ ತಾಣ ತನ್ನ ಪಾಲು ಎಷ್ಟು ಹಿಡಿದುಕೊಳ್ಳುತ್ತದೆ ಎಂದು ಮೊದಲೇ ಓದಿಕೊಳ್ಳಿ.

ಇನ್ನೊಂದು ಸಾಲು ಮನವಿಯಲ್ಲಿ ಇರಲೇಬೇಕು ಅಂತ ಮೇಷ್ಟರು ಹೇಳಿದರು. ದುಡ್ಡು ಉಳಿದರೆ ಏನು ಮಾಡುತ್ತೀರಿ? ಕೆಲಸ ಮುಗಿಯುವ ಮೊದಲೇ ಮಗು ಹೋಗಿಬಿಟ್ಟರೆ ಏನು ಮಾಡುತ್ತೀರಿ? ಕೊಡುವವರು ಬಾಯಿಬಿಟ್ಟು ಕೇಳುವುದಿಲ್ಲ, ನೀವೇ ಬರೆಯಿರಿ ಅಂದರು. ಬರೆಯುವಾಗ ನನ್ನ ಕೈ ನಡುಗಿತು. ಇನ್ನೊಂದು ಅಂಥದೇ ಮಗುವಿನ ಮನೆಗೆ ಕೊಡುತ್ತೇವೆ ಎಂದು ಬರೆದೆ. ತಂಗಿಗೆ ಆ ಸಾಲನ್ನು ತೋರಿಸದೆ ಕಳಿಸಬಾರದು ಅನ್ನಿಸಿತು. ತೋರಿಸಿದೆ. ಅವಳು ಓದಿ, ಹಾಳೆಯನ್ನು ಮಡಚಿ ವಾಪಸ್ ಕೊಟ್ಟಳು. ಸರಿ ಇದೆ ಕಳಿಸು ಅಂದಳು.

ಎತ್ತುವ ಯಂತ್ರಕ್ಕೆ, ಅಂದರೆ ಹಾಯ್ಸ್ಟಿಗೆ, ದುಡ್ಡು ಕೂಡಿ ಬರಲೇ ಇಲ್ಲ. ಮಗುವನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ, ಬ್ಯಾಟರಿಯ ಬಲದಿಂದ ನಿಧಾನವಾಗಿ ಎತ್ತಿ ಇನ್ನೊಂದು ಕಡೆ ಇಳಿಸುವ ಯಂತ್ರ ಅದು. ಛಾವಣಿಗೆ ಕಂಬಿ ಹಾಕಿ ತೂಗುಹಾಕುವ ಬಗೆ ಒಂದು, ಗಾಲಿಯ ಮೇಲೆ ತಳ್ಳುವ ಬಗೆ ಇನ್ನೊಂದು. ನಮ್ಮ ಛಾವಣಿ ಹಾಗೇ ಅದರ ಭಾರ ತಡೆಯುವುದಿಲ್ಲ ಅಂತ ಎಂಜಿನಿಯರ್ ಹೇಳಿದರು. ಗಾಲಿಯದ್ದೇ ಬೇಕು. ಅದರ ಕಾಲುಗಳು ಮಂಚದ ಕೆಳಗೆ ತೂರಬೇಕು. ನಮ್ಮದು ಕೆಳಗೆ ಪೆಟ್ಟಿಗೆ ಇರುವ ಮಂಚ. ಅದನ್ನೂ ಬದಲಿಸಬೇಕಾಯಿತು.

ಆ ಹೊತ್ತಿಗೆ ಥೆರಪಿಸ್ಟ್ ಮೂಲಕ ಒಬ್ಬ ತಾಯಿ ಫೋನ್ ಮಾಡಿದರು. ಅವರ ಮಗನಿಗೂ ಇದೇ ಕಾಯಿಲೆ ಇತ್ತು. ಇತ್ತು ಅಂದರು. ನಾನು ಏನೂ ಕೇಳಲಿಲ್ಲ. ಹಾಯ್ಸ್ಟ್ ಹಾಗೇ ಇದೆ, ಬಂದು ತೆಗೆದುಕೊಂಡು ಹೋಗಿ ಅಂದರು. ನಾವು ಹೋದಾಗ ಅದನ್ನು ಒರೆಸಿ, ಬ್ಯಾಟರಿ ಚಾರ್ಜ್ ಮಾಡಿ ಇಟ್ಟಿದ್ದರು. ಜೋಲಿಯನ್ನು ಮಾತ್ರ ಕೊಡಲಿಲ್ಲ. ಜೋಲಿ ಒಬ್ಬೊಬ್ಬರ ಮೈ ಅಳತೆಗೆ ಸರಿಯಾಗಿರಬೇಕು, ಹಳೆಯದರ ಹೊಲಿಗೆ ನಂಬಬಾರದು, ಹೊಸದು ತೆಗೆದುಕೊಳ್ಳಿ ಅಂದರು. ಅದು ನಿಜವೇ. ಆದರೆ ಅವರು ಅದನ್ನು ಮಡಚಿ ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಮರುದಿನ ಅವರೇ ನಮ್ಮ ಮನೆಗೆ ಬಂದರು. ಜೋಲಿಯನ್ನು ಬೆನ್ನ ಹಿಂದೆ ಹೇಗೆ ತೂರಿಸಬೇಕು, ತೊಡೆಯ ಕೆಳಗೆ ಪಟ್ಟಿಯನ್ನು ಹೇಗೆ ಅಡ್ಡ ಹಾಕಬೇಕು, ಎತ್ತುವ ಮೊದಲು ನಾಲ್ಕೂ ಕೊಂಡಿಯನ್ನು ಹೇಗೆ ಎಳೆದು ನೋಡಬೇಕು, ಎಲ್ಲ ಹೇಳಿಕೊಟ್ಟರು. ಮೊದಲ ಸಲ ಎತ್ತುವಾಗ ಹುಡುಗ ಹೆದರಿದ್ದ. ಅವರು ಅವನ ಪಾದ ಹಿಡಿದುಕೊಂಡರು. ನಿನ್ನ ಪಾದ ನನ್ನ ಕೈಯಲ್ಲಿದೆ, ಎಲ್ಲೂ ಹೋಗಲ್ಲ ಅಂದರು. ಹೋಗುವಾಗ ಒಂದೇ ಮಾತು ಕೇಳಿದರು. ನಿಮಗೆ ಇದರ ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಇಡಬೇಡಿ, ಇನ್ನೊಂದು ಮನೆಗೆ ಕೊಡಿ.

ದುಡ್ಡು ಕೂಡಿಸಿ ಎಲ್ಲ ಮುಗಿಸಲು 14 ತಿಂಗಳು ಹಿಡಿಯಿತು. ಅದರಲ್ಲಿ ಗಾರೆ, ಮರದ ಕೆಲಸ ಐದು ವಾರ. ಉಳಿದದ್ದೆಲ್ಲ ಕೇಳುವುದು, ಕಾಯುವುದು. ಹುಡುಗನ ಕಾಯಿಲೆ ಕಾಯಲಿಲ್ಲ. ಆ 14 ತಿಂಗಳಲ್ಲಿ ಅವನ ಕೈ ಇನ್ನಷ್ಟು ಸೋತಿತು. ನಾಲ್ಕು ಅಡಿ ಎತ್ತರದಲ್ಲಿ ಅವನ ಕೈಗೆ ಎಟುಕುವ ಹಾಗೆ ಹಾಕಿಸಿದ ಸ್ವಿಚ್ಚು ಕೆಲಸ ಮುಗಿಯುವಷ್ಟರಲ್ಲಿ ಎಟುಕುತ್ತಿರಲಿಲ್ಲ. ಮತ್ತೆ ಕೆಳಗೆ ಇಳಿಸಿದೆವು. ಮುಂದೆ ರಾತ್ರಿ ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ, ಅದಕ್ಕೆ ಮಂಚದ ಹತ್ತಿರ ಜಾಗ, ಕರೆಂಟ್ ಹೋದರೂ ನಿಲ್ಲದ ಹಾಗೆ ಬ್ಯಾಟರಿ ಬೇಕು. ಅದನ್ನು ನಾವು ಯೋಚಿಸಿರಲಿಲ್ಲ, ಈಗ ಮಾಡಿಸುತ್ತಿದ್ದೇವೆ. ಇಂಥ ಮಗುವಿನ ಮನೆ ಮಾಡಿಸುವವರು ಇವತ್ತಿನ ಮಗುವನ್ನು ಅಳೆದು ಮಾಡಿಸಬೇಡಿ. ಇನ್ನು ನಾಲ್ಕು ವರ್ಷದ ಮೇಲೆ ಅವನಿಗೆ ಏನು ಬೇಕು ಅಂತ ಡಾಕ್ಟರನ್ನು ಕೇಳಿ ಮಾಡಿಸಿ.

ಬಾಡಿಗೆ ಮನೆಯವರ ಕಷ್ಟ ಇನ್ನೂ ಜಾಸ್ತಿ. ಗೋಡೆ ಒಡೆಯಲು ಮನೆ ಮಾಲೀಕರು ಒಪ್ಪಬೇಕು. ಒಪ್ಪಿದರೂ ಮನೆ ಬಿಡುವಾಗ ಖರ್ಚೆಲ್ಲ ಅಲ್ಲೇ ಉಳಿಯುತ್ತದೆ. ಅವರು ಮಡಚುವ ರಾಂಪ್, ಗಾಲಿಯ ಹಾಯ್ಸ್ಟ್, ಗಾಲಿ ಇರುವ ಸ್ನಾನದ ಕುರ್ಚಿ ಇಂಥವಕ್ಕೇ ಮೊದಲು ದುಡ್ಡು ಹಾಕುವುದು ಒಳ್ಳೆಯದು. ಎಲ್ಲಿಗೆ ಹೋದರೂ ಜೊತೆಗೆ ಬರುತ್ತವೆ.

2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದರ 28ನೇ ವಿಧಿಯಲ್ಲಿ ತಕ್ಕ ಮನೆಯೂ ಅವರ ಹಕ್ಕು ಎಂದಿದೆ. ಹಕ್ಕು ಅಂದ ಮೇಲೂ ನಾವು ಅಡಿ ಲೆಕ್ಕದಲ್ಲಿ ಕೈ ಚಾಚಬೇಕಾಯಿತು. ಕೊಟ್ಟವರ ಋಣ ನನ್ನ ಮೇಲಿದೆ, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಕೈ ಚಾಚಲು ಬಾರದ ತಾಯಂದಿರು, ಲೆಕ್ಕ ಬರೆಯಲು ದೊಡ್ಡಮ್ಮ ಇಲ್ಲದ ಮಕ್ಕಳು ಏನು ಮಾಡಬೇಕು? ದತ್ತಿ ಸಂಸ್ಥೆಗಳು ಆಸ್ಪತ್ರೆಯ ಬಿಲ್ಲಿನ ಜೊತೆಗೆ ಥೆರಪಿಸ್ಟ್ ಕೊಡುವ ಮನೆಯ ವರದಿಯನ್ನೂ ಒಪ್ಪಿಕೊಳ್ಳಲಿ. ಕಾಯಿಲೆಯ ಹೆಸರು ಹೇಳುವ ಡಾಕ್ಟರ್ ಆ ಮೊದಲ ತಿಂಗಳಲ್ಲೇ, ಮನೆಗೆ ಹೋಗಿ ಬಾಗಿಲು ಅಳೆಯಿರಿ ಅನ್ನಲಿ. ಬೇಸರದ ಮಾತು, ಗೊತ್ತು. ನಮಗೆ ಯಾರಾದರೂ ಅಂದಿದ್ದರೆ ಅವತ್ತು ಬೇಸರವಾಗುತ್ತಿತ್ತು. ಆದರೆ ಆ ತೊಡೆಯ ಮೂಳೆ ಉಳಿಯುತ್ತಿತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಮನೆಯನ್ನು ಮಗುವಿಗೆ ಹೊಂದಿಸಲು ನೆರವು ಕೋರಿ ಬರುವ ಮನವಿಗಳನ್ನೂ ಪ್ರಕಟಿಸಿ. ಮತ್ತು ಮಗುವಿನ ಮುಖ ಇಲ್ಲದಿದ್ದರೂ ಪ್ರಕಟಿಸಿ. ಬಾಗಿಲಿನ ಫೋಟೋ ಸಾಕು.

ಹುಡುಗನಿಗೆ ಈಗ ಹದಿಮೂರೂವರೆ ವರ್ಷ. ರಾಂಪಿನಲ್ಲಿ ತನ್ನ ಬ್ಯಾಟರಿ ಕುರ್ಚಿಯನ್ನು ತಾನೇ ಇಳಿಸಿಕೊಂಡು ಗೇಟಿನವರೆಗೆ ಹೋಗುತ್ತಾನೆ. ಸಂಜೆ ಆರು ಗಂಟೆಗೆ ನೀರು ಕೇಳಿ ಕುಡಿಯುತ್ತಾನೆ.

ಕೊನೆಗೆ ಒಂದು ವಿಷಯ. ನಾವು ಒಂದು ಮಡಚುವ ಅಲ್ಯೂಮಿನಿಯಂ ರಾಂಪ್ ತಂದಿದ್ದೆವು. ಆರು ಅಡಿ ಉದ್ದ. ಆರು ಅಂಗುಲದ ಒಂದು ಮೆಟ್ಟಿಲಿಗೆ ಸರಿಯಾಗುತ್ತದೆ, ಅದಕ್ಕಿಂತ ಎತ್ತರಕ್ಕೆ ಬಳಸಬಾರದು. ಎಷ್ಟು ಭಾರ ತಡೆಯುತ್ತದೆ ಎಂದು ಅದರ ಮೇಲೆಯೇ ಬರೆದಿದೆ. ಕೈಯಿಂದ ತಳ್ಳುವ ಕುರ್ಚಿಗೆ ಸಾಕು. ಈಗ ಬಾಗಿಲ ಹಿಂದೆ ಒರಗಿಸಿ ಇಟ್ಟಿದ್ದೇವೆ. ಯಾರ ಮನೆಗಾದರೂ ಬೇಕಿದ್ದರೆ ನಿಮ್ಮ ಕಚೇರಿಗೆ ತಿಳಿಸಲಿ. ಈ ಪತ್ರದ ಜೊತೆ ನನ್ನ ವಿಳಾಸ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ದಯವಿಟ್ಟು ಅವರಿಗೆ ಕೊಡಿ.

ಇತಿ,
ಹುಡುಗನ ದೊಡ್ಡಮ್ಮ